ಗಾಲ್ಫು, ರಾಜಕೀಯ, ದೋಸೆ ಹಿಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೇಲಿ ಎಲೆ ಮುಂದೆ ಕೂತಾಗ, ದೇವರಾಜ ಮಾರ್ಕೆಟ್ಟಲ್ಲಿ ಸೊಪ್ಪು ಆರಿಸ್ತಿರೋವಾಗ, ಒಂದ್ಸಲ ಹಲ್ಲಿನ ಡಾಕ್ಟ್ರು ನನ್ನ ಬಾಯಿ ಅಗಲಿಸಿ ಹಿಡ್ಕೊಂಡಿದ್ದಾಗ್ಲೂ ಸಹ, ಜನ ನನ್ನನ್ನ ಕೇಳೋದು ಇವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೀನಿ, ಓದ್ಕೊಳಿ. ಗಾಲ್ಫ್ ಪ್ರಶ್ನೆಗೆ ರಾಜಕೀಯದ ಉತ್ತರ, ರಾಜಕೀಯದ ಪ್ರಶ್ನೆಗೆ ಅಡುಗೆಮನೆ ಉತ್ತರ ಬಂದ್ರೆ ಬೇಜಾರು ಮಾಡ್ಕೋಬೇಡಿ, ನನ್ನ ತಲೆ ಒಗ್ಗರಣೆ ಡಬ್ಬಿ ಇದ್ದ ಹಾಗೆ, ಎಷ್ಟೇ ಬೇರೆ ಬೇರೆ ಬಟ್ಟಲಲ್ಲಿಟ್ರೂ ಜೀರಿಗೇಲಿ ನಾಲ್ಕು ಸಾಸಿವೆ ಕಾಳು ಬಿದ್ದೇ ಇರತ್ತೆ.

ನೀವು ನಿಜವಾಗ್ಲೂ ಗಾಲ್ಫ್ ಆಡ್ತೀರಾ?

ಹೂಂ ರೀ. ಮೈಸೂರಲ್ಲಿ, ಚಾಮುಂಡಿ ಬೆಟ್ಟ ಎದುರಿಗೇ ಕಾಣೋ ಮೈದಾನದಲ್ಲಿ, ವಾರಕ್ಕೆ ಮೂರು ದಿನ. ವಯಸ್ಸು ಅರವತ್ತು ದಾಟಿದೆ, ಒಂದು ಮಂಡಿ ಮಾತು ಕೇಳತ್ತೆ, ಇನ್ನೊಂದು ಕೇಳಲ್ಲ.

ಇದೆಲ್ಲಿಂದ ಹತ್ಕೊಳ್ತು ನಿಮಗೆ?

ಶುಗರ್‌ನಿಂದ. ನಾನು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಲ್ಲಿ ಕ್ಲರ್ಕ್ ಆಗಿ ಸೇರಿದೋಳು. 2017ರ ಏಪ್ರಿಲ್ 1ಕ್ಕೆ ನಮ್ಮ ಬ್ಯಾಂಕು ಎಸ್‌ಬಿಐ ಜೊತೆ ಸೇರ್ಕೊಳ್ತಲ್ಲ, ಆಗ ವಿಆರ್‌ಎಸ್ ತಗೊಂಡೆ. 1913ರಲ್ಲಿ ವಿಶ್ವೇಶ್ವರಯ್ಯನವ್ರು ದಿವಾನರಾಗಿದ್ದಾಗ ಶುರುವಾಗಿದ್ದ ಬ್ಯಾಂಕು, ಹೆಸರೇ ಇರಲ್ವಲ್ಲ ಅಂತ ಒಂದೆರಡು ದಿನ ಅತ್ತಿದ್ದೂ ಉಂಟು. ಆಮೇಲೆ ಮನೇಲಿ ಕೂತು ಕೂತು ಆರು ತಿಂಗಳಿಗೆ ಶುಗರ್ ಬಂತು, ಡಾಕ್ಟ್ರು ನಡೀರಿ ಅಂದ್ರು, ಕುಕ್ಕರಹಳ್ಳಿ ಕೆರೆ ಸುತ್ತ ನಡೆದೆ ನಡೆದೆ, ಅಲ್ಲಿ ಸಿಗೋರೆಲ್ಲ ಯಾರ ಮಗಳಿಗೆ ಗಂಡು ಗೊತ್ತಾಯ್ತು ಅಂತಾನೇ ಮಾತಾಡೋದು, ನನಗೋ ಬೇಜಾರು.

ನಮ್ಮ ಭಾವ, ಅಂದ್ರೆ ಅಕ್ಕನ ಯಜಮಾನ್ರು, ಮಿಲಿಟರೀಲಿ ಇದ್ದೋರು. "ಸುಮ್ನೆ ನಡೆಯೋದಕ್ಕಿಂತ ಒಂದು ಚೆಂಡು ಹೊಡ್ಕೊಂಡು ನಡಿ, ಬಾ" ಅಂತ ಕರ್ಕೊಂಡೋದ್ರು. ಮೊದಲನೇ ದಿನ ಚೂಡಿದಾರ್ ಹಾಕ್ಕೊಂಡು, ಕೋಲು ಎತ್ತಿ ಬೀಸಿದ್ರೆ ಚೆಂಡು ಅಲ್ಲೇ ಇದೆ, ಅಂಗೈಯಗಲ ಹುಲ್ಲು ಮಣ್ಣು ಸಮೇತ ಎದ್ದು ಭಾವನ ಬಿಳಿ ಶೂ ಮೇಲೆ ಬಿತ್ತು. ಅಲ್ಲಿದ್ದ ಕ್ಯಾಡಿ, ಅಂದ್ರೆ ಆಡೋರ ಕೋಲಿನ ಚೀಲ ಹೊರೋನು, ಒಂಚೂರೂ ನಗದೆ, "ನಿಧಾನ ಅಮ್ಮ, ಚೆಂಡು ಎಲ್ಲೂ ಓಡೋಗಲ್ಲ" ಅಂದ. ಮೂವತ್ತು ವರ್ಷ ಕೌಂಟರಲ್ಲಿ ಕೂತು "ಬೇಗ ಬೇಗ ಮೇಡಂ" ಅಂತ ಕೇಳಿಸ್ಕೊಂಡಿದ್ದ ಕಿವಿಗೆ ಆ ಮಾತು ಎಷ್ಟು ಹಿತವಾಗಿತ್ತು ಅಂದ್ರೆ ಮಾರನೇ ದಿನಾನೂ ಹೋದೆ.

ಬೆಳಗ್ಗೆ ನೀವು ಅಲ್ಲಿಗೆ ಹೋದ್ರೆ ಮನೇಲಿ ತಿಂಡಿ ಯಾರು ಮಾಡ್ತಾರೆ?

ಗಂಡಸರು ಆಡಕ್ಕೆ ಹೋದಾಗ ಈ ಪ್ರಶ್ನೆ ಯಾರೂ ಕೇಳಲ್ಲ, ನಮ್ಮ ಭಾವ ಮೂವತ್ತು ವರ್ಷದಿಂದ ಆಡ್ತಿದಾರೆ, ಅವರನ್ನ ಒಬ್ರೂ ಕೇಳಿಲ್ಲ. ಇರ್ಲಿ. ರಾತ್ರಿ ಹಿಟ್ಟು ರುಬ್ಬಿ ಇಟ್ಟಿರ್ತೀನಿ, ಬೆಳಗ್ಗೆ ನಮ್ಮೆಜಮಾನ್ರು ಹಾಕ್ಕೊಂಡು ತಿಂತಾರೆ, ಅತ್ತೆಗೂ ಹಾಕಿಕೊಡ್ತಾರೆ. ಮೊದಲನೇ ತಿಂಗಳು ಕಾವಲಿ ಕಾಯೋಕೆ ಮುಂಚೆನೇ ಹುಯ್ದು ಎಲ್ಲಾ ಅಂಟಿಸ್ಕೊಂಡು ಒದ್ದಾಡಿದ್ರು, ಈಗ ನನಗಿಂತ ತೆಳ್ಳಗೆ ಹುಯ್ತಾರೆ. ಹೇಳ್ಕೋತಾರೆ ಬೇರೆ.

ನಮ್ಮತ್ತೆಗೆ ತೊಂಬತ್ತರ ಹತ್ರ. ಈ ಆಟದ ಬಗ್ಗೆ ಇಷ್ಟು ವರ್ಷದಲ್ಲಿ ನಾನು ಕೇಳಿರೋ ಅತಿ ಒಳ್ಳೆ ಪ್ರಶ್ನೆ ಅವರದ್ದೇ: "ಅಲ್ವೇ, ನೀನೇ ಹೊಡೆದು ದೂರ ಹಾಕ್ತೀಯ, ಮತ್ತೆ ನೀನೇ ಹೋಗಿ ಹುಡುಕ್ತೀಯ, ಹೊಡೀದೇ ಇದ್ರೆ ಆಗ್ತಿರ್ಲಿಲ್ವಾ?"

ಆಟ ಏನು ಅಂತ ಚಿಕ್ಕದಾಗಿ ಹೇಳಿ.

ನಿಂಬೆಹಣ್ಣಿನಷ್ಟು ದಪ್ಪದ ಚೆಂಡು, 46 ಗ್ರಾಂಗಿಂತ ಒಂಚೂರು ಕಡಿಮೆ ತೂಕ. ಅದನ್ನ ಕೋಲಲ್ಲಿ ಹೊಡೆದು ಹೊಡೆದು ದೂರದಲ್ಲಿರೋ 108 ಮಿಲಿಮೀಟರ್ ಅಗಲದ ಕುಳಿಗೆ ಬೀಳಿಸ್ಬೇಕು, ಅಂದ್ರೆ ಕಾಫಿ ಲೋಟದ ಬಾಯಿಗಿಂತ ಸ್ವಲ್ಪ ದೊಡ್ಡದು ಅನ್ಕೊಳಿ. ಇಂಥ ಕುಳಿ 18, ಒಂದೊಂದಕ್ಕೂ ಹೋಲ್ ಅಂತಾರೆ. ಪ್ರತಿಯೊಂದಕ್ಕೂ ಮೂರೋ ನಾಲ್ಕೋ ಐದೋ ಏಟು ಅಂತ ಲೆಕ್ಕ ಇಟ್ಟಿರ್ತಾರೆ, ಅದು ಪಾರ್. ಒಂದು ಕಡಿಮೆ ಹೊಡೆದ್ರೆ ಬರ್ಡಿ, ಒಂದು ಜಾಸ್ತಿ ಆದ್ರೆ ಬೋಗಿ. ನನ್ನದಕ್ಕೆ ಹೆಸರೇ ಇಲ್ಲ, ಬರೀ ಸಂಖ್ಯೆ.

ಚೀಲದಲ್ಲಿ 14 ಕೋಲಿನ ಮೇಲೆ ಇಟ್ಕೊಳ್ಳೋ ಹಾಗಿಲ್ಲ. ನನ್ನ ಹತ್ರ 8 ಇದೆ, ಅದರಲ್ಲಿ ನಾಲ್ಕನ್ನ ನಂಬಬಹುದು.

ಇದು ದುಡ್ಡಿರೋರ ಆಟ ಅಲ್ವಾ?

ಹೌದು. ಸುಳ್ಳು ಹೇಳಲ್ಲ. ನನ್ನ ಹಾಫ್ ಸೆಟ್ ಸೆಕೆಂಡ್ ಹ್ಯಾಂಡು, 12,000ಕ್ಕೆ ತಗೊಂಡಿದ್ದು, ಶೂ ಮಗಳು ಕೊಡಿಸಿದ್ದು, ಹಾಗಾಗಿ ನಾನೇನೂ ಸಾಹುಕಾರ್ತಿ ಅಲ್ಲ ಅಂತ ವಾದ ಮಾಡಬಹುದು, ಆದ್ರೆ ಪಿಂಚಣಿ ಬರೋ ಮನೆ, ಮಕ್ಕಳು ಸೆಟ್ಲ್ ಆಗಿದಾರೆ, ಬೆಳಗ್ಗೆ ನಾಲ್ಕು ಗಂಟೆ ಹೊತ್ತು ಖಾಲಿ ಇದೆ, ಇದೇ ತಾನೇ ದೊಡ್ಡ ಸಾಹುಕಾರಿಕೆ. ಈ ಆಟ ನಮ್ಮ ಕಡೆ ಬಂದಿದ್ದೇ ಬ್ರಿಟಿಷರ ಜೊತೆ. ಕಲ್ಕತ್ತಾದಲ್ಲಿ 1829ರಲ್ಲಿ ಕ್ಲಬ್ ಶುರುವಾಯ್ತು, ಬ್ರಿಟನ್ ಬಿಟ್ರೆ ಜಗತ್ತಲ್ಲೇ ಹಳೇದು ಅಂತಾರೆ ಅದನ್ನ, ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದ್ದು. ದಂಡಿನ ಸಾಹೇಬ್ರು ಆಡ್ತಿದ್ರು, ನಮ್ಮೋರು ಚೀಲ ಹೊರ್ತಿದ್ರು. ಸಾಹೇಬ್ರು ಹೋದ್ರು, ಚೀಲ ಹೊರೋರು ಈಗ್ಲೂ ಅದೇ ಊರಿನ ಸುತ್ತಮುತ್ತಲ ಹಳ್ಳಿಯೋರೇ.

ಕ್ಯಾಡಿ ಅಂದ್ರೆ ಕೂಲಿನಾ?

ದಿನಗೂಲಿ ಅನ್ನಿ. ಮಳೆ ಬಂದ್ರೆ ಇಲ್ಲ, ಮೆಂಬರ್ ಬರದಿದ್ರೆ ಇಲ್ಲ, ಲಾಕ್‌ಡೌನ್ ಅಂತೂ ಕೇಳ್ಬೇಡಿ. ಆದ್ರೆ ಆ ಮನುಷ್ಯನಿಗೆ ಗೊತ್ತಿರೋದರಲ್ಲಿ ಕಾಲು ಭಾಗ ನನಗೆ ಗೊತ್ತಿದ್ರೆ ಸಾಕಿತ್ತು. ಗ್ರೀನ್ ಮೇಲೆ, ಅಂದ್ರೆ ಕುಳಿ ಸುತ್ತ ನುಣ್ಣಗೆ ಕತ್ತರಿಸಿರೋ ಹುಲ್ಲಿನ ಮೇಲೆ, ಚೆಂಡಿಗೂ ಕುಳಿಗೂ ನಡುವೆ ನಾನು ಬಗ್ಗಿ ಬಗ್ಗಿ ನೋಡ್ತಿರ್ತೀನಿ, ನೆಲ ಸಪಾಟಾಗೇ ಕಾಣತ್ತೆ, ಅವನು ಹಿಂದಿಂದ "ಬೆಟ್ಟದ ಕಡೆಯಿಂದ ಈಚೆಗೆ ಎಳೆಯತ್ತೆ ಅಮ್ಮ, ಎರಡು ಬೆರಳು ಎಡಕ್ಕೆ" ಅಂತಾನೆ. ಎರಡು ಬೆರಳು ಅಂದ್ರೆ ಎರಡೇ ಬೆರಳು. ಚೆಂಡು ಹುಲ್ಲಲ್ಲಿ ಕಳೆದೋದ್ರೆ ಕಣ್ಣಲ್ಲಿ ಹುಡುಕಲ್ಲ ಅವನು, ಚಪ್ಪಲಿ ಬಿಟ್ಟು ಪಾದದಲ್ಲಿ ಸವರ್ತಾ ಹೋಗ್ತಾನೆ, ಬೆಳಗ್ಗೆ ಮಂಜಿನ ನೀರಲ್ಲಿ ಪಾದ ಎಲ್ಲ ಬೆಳ್ಳಗೆ ಸುಕ್ಕಾಗಿರತ್ತೆ.

ಬಿಡದಿ ಹತ್ತಿರದ ಹಳ್ಳಿಯ ಚಿಕ್ಕರಂಗಪ್ಪ ಅಂತ ಒಬ್ಬ ಹುಡುಗ, ಈಗಲ್‌ಟನ್ ಗಾಲ್ಫ್ ಮೈದಾನದಲ್ಲಿ ಚೆಂಡು ಆಯ್ಕೊಂಡಿದ್ದೋನು, ಅಲ್ಲೇ ಆಟ ಕಲಿತು ಭಾರತದ ಪರ ಆಡಿ ಆಮೇಲೆ ಪ್ರೊಫೆಷನಲ್ ಆಗಿ ಟೂರ್ನಮೆಂಟುಗಳನ್ನ ಗೆದ್ದ. ನಮ್ಮ ಕ್ಯಾಡಿ ಮುಂದೆ ಆ ಹೆಸರು ಎತ್ತಿ ನೋಡಿ, ಒಂದು ಹೋಲ್ ಪೂರ್ತಿ ಅದೇ ಮಾತು. ಆದ್ರೆ ಒಬ್ಬ ಚಿಕ್ಕರಂಗಪ್ಪನ ಕಥೆ ಹೇಳ್ಕೊಂಡು ಉಳಿದೋರ ಕೂಲಿ ಮಾತು ಮರೆಸೋದನ್ನೂ ನೋಡಿದ್ದೀನಿ, ಅದಕ್ಕೆ ಈ ಕಥೆ ಹೇಳೋರ ಮುಖ ನೋಡಿಬಿಟ್ಟು ಆಮೇಲೆ ತಲೆ ಆಡಿಸ್ತೀನಿ.

ರಾಜಕೀಯಕ್ಕೂ ಗಾಲ್ಫಿಗೂ ಎಲ್ಲಿಂದೆಲ್ಲಿಗೆ?

ಅಯ್ಯೋ, ನಮ್ಮ ಕರ್ನಾಟಕದೋರಾಗಿ ಈ ಪ್ರಶ್ನೆ ಕೇಳ್ತೀರಲ್ಲ. ನಮ್ಮಲ್ಲಿ ಸರ್ಕಾರ ಅಲ್ಲಾಡಿದಾಗೆಲ್ಲ ಶಾಸಕರನ್ನ ಬಸ್ಸಲ್ಲಿ ತುಂಬ್ಕೊಂಡು ಎಲ್ಲಿಗೆ ಕರ್ಕೊಂಡೋಗ್ತಾರೆ? ನೆನಪು ಮಾಡ್ಕೊಳಿ. 2002ರಲ್ಲಿ ಮಹಾರಾಷ್ಟ್ರದ ವಿಲಾಸರಾವ್ ದೇಶಮುಖ್ ಸರ್ಕಾರ ಉಳಿಸ್ಕೊಳ್ಳಕ್ಕೆ ಅಲ್ಲಿನ ಶಾಸಕರನ್ನ ಇಲ್ಲಿಗೆ ತಂದಿಟ್ಟಿದ್ದು ಬಿಡದಿಯ ಈಗಲ್‌ಟನ್‌ಗೆ, ಅದು ಗಾಲ್ಫ್ ರೆಸಾರ್ಟು. 2017ರಲ್ಲಿ ರಾಜ್ಯಸಭೆ ಎಲೆಕ್ಷನ್ ಅಂತ ಗುಜರಾತಿನ ಕಾಂಗ್ರೆಸ್ಸೋರು ಬಂದಿದ್ದೂ ಅಲ್ಲಿಗೇ. 2018ರ ಮೇ ತಿಂಗಳಲ್ಲಿ ನಮ್ಮದೇ ಕಾಂಗ್ರೆಸ್ಸೋರು ಅಲ್ಲಿಗೇ. 2019ರ ಜನವರೀಲಿ ಬಿಜೆಪಿಯೋರು ಗುರುಗ್ರಾಮದ ಹತ್ರ ಹೋಗಿ ಕೂತ್ರಲ್ಲ, ಆ ಹೋಟೆಲಲ್ಲೂ ಗಾಲ್ಫ್ ಮೈದಾನ ಇದೆ. ಅದೇ ವರ್ಷ ಜುಲೈಲಿ ಜೆಡಿಎಸ್‌ನೋರು ಇದ್ದಿದ್ದು ನಂದಿ ಬೆಟ್ಟದ ಹತ್ರ, ಗಾಲ್ಫ್‌ಶೈರ್‌ನಲ್ಲಿ, ಅದರ ಹೆಸರಲ್ಲೇ ಗಾಲ್ಫು. ಮೂರು ಪಾರ್ಟೀನೂ ಆಯ್ತು ನೋಡಿ, ಈ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಪೂರ್ತಿ ಒಮ್ಮತ.

ಈ ಪದ್ಧತಿ ಏನು ಹೊಸದಲ್ಲ, 1984ರಲ್ಲಿ ಎನ್.ಟಿ.ರಾಮರಾವ್ ಅವರ ಸರ್ಕಾರ ಕಿತ್ತಾಕಿದಾಗ ಆಂಧ್ರದ ಶಾಸಕರನ್ನ ಕರ್ನಾಟಕದಲ್ಲೇ ಜೋಪಾನ ಮಾಡಿದ್ದು, ಆಗ ರಾಮಕೃಷ್ಣ ಹೆಗಡೆಯವರು ಇಲ್ಲಿ ಮುಖ್ಯಮಂತ್ರಿ. ಗಾಲ್ಫ್ ರೆಸಾರ್ಟೇ ಯಾಕೆ ಅಂತ ನಾನು ತುಂಬ ಯೋಚನೆ ಮಾಡಿದ್ದೀನಿ, ಕೊನೆಗೆ ಒಂದ್ಸಲ ನೆಂಟರ ಮಗನ ರಿಸೆಪ್ಶನ್ನಿಗೆ ಅಂಥ ಒಂದು ಜಾಗಕ್ಕೆ ಹೋದಾಗ ಹೊಳೀತು. ಊರಾಚೆ ಇರತ್ತೆ, ಒಳಗೆ ಹೋಗಕ್ಕೆ ಒಂದೇ ಗೇಟು, ಗೇಟಿಂದ ರೂಮಿಗೆ ಅರ್ಧ ಮೈಲಿ, ಸುತ್ತ ಬಯಲು, ಪಕ್ಕದ ಮನೆ ಅಂತ ಇಲ್ಲ, ಟಿವಿಯೋರ ಕ್ಯಾಮೆರಾಕ್ಕೆ ಎಷ್ಟು ಜೂಮ್ ಮಾಡಿದ್ರೂ ಮರ ಬಿಟ್ರೆ ಏನೂ ಸಿಗಲ್ಲ, ಯಾರಾದ್ರೂ ಓಡಿಹೋಗ್ಬೇಕು ಅಂದ್ರೂ ಆ ಬಯಲಲ್ಲಿ ಓಡ್ತಿರೋದು ಎಲ್ರಿಗೂ ಕಾಣತ್ತೆ. ಕುರಿ ದೊಡ್ಡಿ ಕಟ್ಟೋರು ಇದಕ್ಕಿಂತ ಚೆನ್ನಾಗಿ ಜಾಗ ನೋಡಲ್ಲ. ಪಾಪ ಅಷ್ಟು ದಿನ ಅಲ್ಲಿದ್ರೂ ಅವರಲ್ಲಿ ಎಷ್ಟು ಜನ ಒಂದು ಚೆಂಡು ಹೊಡೆದ್ರೋ.

ನೀವು ಯಾವ ಪಾರ್ಟಿ?

ಹೇಳಲ್ಲ.

ಸರಿ, ನಿಮ್ಮ ಜೊತೆ ಆಡೋರು ಯಾವ ಪಾರ್ಟಿ?

ಇದು ಹೇಳ್ತೀನಿ. ನಾವು ನಾಲ್ಕು ಜನ. ಭಾವ, ಒಬ್ರು ರಿಟೈರ್ಡ್ ಇಂಜಿನಿಯರ್ರು, ಒಬ್ರು ಮೆಡಿಕಲ್ ಸ್ಟೋರ್ ಇಟ್ಟಿರೋರು, ನಾನು. ನನ್ನ ಬಿಟ್ಟು ಮೂರು ಜನಕ್ಕೆ ಮೂರು ಪಾರ್ಟಿ, ಯಾರು ಯಾವುದು ಅಂತ ನೀವೇ ಊಹೆ ಮಾಡ್ಕೊಳಿ. ಮೊದಲನೇ ಟೀ ಮೇಲೆ, ಅಂದ್ರೆ ಹೋಲ್ ಶುರುವಾಗೋ ಜಾಗದಲ್ಲಿ, ನಿಂತಾಗ ರಾಜಕೀಯ ಮಾತಾಡಬಾರ್ದು ಅಂತ ನಮ್ಮಲ್ಲಿ ರೂಲು, ಎರಡನೇ ಟೀ ಬರೋಷ್ಟರಲ್ಲಿ ಅದು ಮುರಿದಿರತ್ತೆ.

2023ರ ಮೇ 13, ಶನಿವಾರ, ಕೌಂಟಿಂಗ್ ದಿನ, ಮನೇಲಿದ್ರೆ ಟಿವಿ ಮುಂದೆ ಕೂತು ಬಿಪಿ ಏರಿಸ್ಕೋತೀವಿ ಅಂತ ನಾಲ್ಕೂ ಜನ ಆಡಕ್ಕೆ ಬಂದಿದ್ವಿ. ಫೋನ್ ಎಲ್ಲ ಸೈಲೆಂಟ್ ಮಾಡಿ ಚೀಲದೊಳಗೆ ಹಾಕಿದ್ವಿ, ಆದ್ರೆ ಕ್ಯಾಡಿಗಳ ಫೋನಿಗೆ ಯಾರು ಹೇಳೋರು. ಎಂಟು ಗಂಟೆಗೆ ಎಣಿಕೆ ಶುರು, ನಾವು ಆಗ ಆರನೇ ಹೋಲಲ್ಲಿ. ಅಲ್ಲಿಂದ ಪ್ರತಿ ಏಟಿಗೂ ಹಿಂದಿಂದ ಪಿಸುಪಿಸು, ವರುಣಾ ಹೆಂಗೆ, ಚಾಮರಾಜ ಹೆಂಗೆ. ಇಂಜಿನಿಯರ್ರು ನಾಲ್ಕು ಏಟಿನ ಹೋಲಲ್ಲಿ ಒಂಬತ್ತು ಹೊಡೆದ್ರು, ಬಂಕರ್ ಅನ್ನೋ ಮರಳು ಗುಂಡಿ ಒಳಗೇ ಮೂರು, ಮರಳು ಎಲ್ಲ ಮುಖಕ್ಕೆ. ಮೆಡಿಕಲ್‌ನೋರು ಜೀವನದಲ್ಲಿ ಅಪರೂಪಕ್ಕೆ ಒಂದು ಬರ್ಡಿ ಹೊಡೆದ್ರು, ಅದನ್ನ ಒಬ್ರೂ ನೋಡ್ಲಿಲ್ಲ, ಎಲ್ರೂ ಫೋನ್ ಮೇಲೆ ಬಗ್ಗಿದ್ರು, ಆ ಸಿಟ್ಟು ಅವರಿಗೆ ಇವತ್ತಿಗೂ ಇದೆ. ಸಾಯಂಕಾಲಕ್ಕೆ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಸೋತೋರು ಕಾಫಿ ಕೊಡಿಸ್ಬೇಕು ಅಂತ ಇತ್ತು, ಗೆದ್ದೋರೇ ಕೊಡಿಸಿದ್ರು.

ಇದರಲ್ಲಿ ಅಂಪೈರ್ ಯಾರು?

ಯಾರೂ ಇಲ್ಲ. ನನ್ನಂಥೋಳಿಗೆ ಈ ಆಟ ಹಿಡಿಸಿದ್ದು ಅದಕ್ಕೇ. ನಮ್ಮ ಲೆಕ್ಕ ನಾವೇ ಕೊಡಬೇಕು, ಜೊತೇಲಿ ಆಡೋರು ಬರ್ಕೋತಾರೆ, ಕೊನೇಲಿ ಇಬ್ರೂ ಸೈನ್ ಹಾಕಬೇಕು. ಬ್ಯಾಂಕಲ್ಲಿ ಸಂಜೆ ಕ್ಯಾಶ್ ಟ್ಯಾಲಿ ಆಗೋವರೆಗೂ ಎದ್ದೋಗೋ ಹಾಗಿರ್ಲಿಲ್ಲ, ಹತ್ತು ರೂಪಾಯಿ ಜಾಸ್ತಿ ಬಂದ್ರೂ ತಲೆನೋವೇ, ಆ ಅಭ್ಯಾಸ ಮೈಗೆ ಅಂಟಿದೆ.

ಒಂದ್ಸಲ ಹೆಂಗಸರ ಟೂರ್ನಮೆಂಟು, ಪ್ರೈಜು ಮಿಕ್ಸಿ. ಹದಿನೈದನೇ ಹೋಲಲ್ಲಿ ಚೆಂಡು ಉದ್ದ ಹುಲ್ಲಲ್ಲಿ ಕೂತಿತ್ತು. ನಾನು ಕೋಲನ್ನ ಅದರ ಹಿಂದೆ ಇಟ್ಟೆ ಅಷ್ಟೇ, ಹುಲ್ಲು ಅದುಮಿ ಚೆಂಡು ಒಂಚೂರು ಉರುಳ್ತು, ಎಷ್ಟು ಅಂದ್ರೆ ಒಂದು ಬೆರಳಗಲ. ಯಾರೂ ನೋಡ್ಲಿಲ್ಲ, ಕ್ಯಾಡಿ ಕೂಡ ಆ ಕಡೆ ತಿರುಗಿದ್ದ. ನಮ್ಮಿಂದ ಚೆಂಡು ಅಲ್ಲಾಡಿದ್ರೆ ಒಂದು ಏಟು ದಂಡ, ವಾಪಸ್ ಇದ್ದ ಕಡೆ ಇಡಬೇಕು. ಇಟ್ಟೆ, ಹೇಳಿದೆ, ಒಂದು ಸೇರಿಸಿ ಬರ್ಕೊಂಡ್ರು. ಒಂದೇ ಏಟಿಂದ ಮಿಕ್ಸಿ ಹೋಯ್ತು. ಮನೇಲಿ ಹೇಳಿದ್ರೆ ಅತ್ತೆ "ಬೆರಳಗಲಕ್ಕೆ ಮಿಕ್ಸಿ ಬಿಟ್ಟು ಬಂದ್ಯಾ" ಅಂತ ಎರಡು ದಿನ ಮಾತಾಡಿಸ್ಲಿಲ್ಲ. ಹಳೇ ಮಿಕ್ಸಿ ಜಾರ್ ಈಗ್ಲೂ ಸೋರತ್ತೆ, ಚಟ್ನಿ ರುಬ್ಬೋವಾಗೆಲ್ಲ ಆ ಹುಲ್ಲು ಕಣ್ಮುಂದೆ ಬರತ್ತೆ.

ಇದನ್ನ ಕೇಳಿದೋರೆಲ್ಲ ರಾಜಕಾರಣಿಗಳನ್ನ ಬಯ್ಯಕ್ಕೆ ಶುರು ಮಾಡ್ತಾರೆ, ಅವರಿಗೆ ಇಂಥ ಆಟ ಕಲಿಸ್ಬೇಕು ಅಂತ. ಬೇಡ ಬಿಡಿ, ಗಾಲ್ಫ್ ಮೈದಾನದಲ್ಲಿ ಲೆಕ್ಕ ತಪ್ಪಿಸೋರು ಎಷ್ಟು ಜನ ಬೇಕು ನಿಮಗೆ, ಏಳು ಹೊಡೆದು ಐದು ಅನ್ನೋ ದೊಡ್ಡ ಮನುಷ್ಯರನ್ನ ಕಣ್ಣಾರೆ ನೋಡಿದ್ದೀನಿ.

ಅಷ್ಟೊಂದು ಜಾಗ, ನೀರು, ದಂಡ ಅಲ್ವಾ?

ಇದಕ್ಕೆ ಉತ್ತರ ಹೇಳೋವಾಗ ನನ್ನ ಧ್ವನಿ ಸ್ವಲ್ಪ ಸಣ್ಣಗಾಗತ್ತೆ. ಬೆಂಗಳೂರಿನ ದೊಮ್ಮಲೂರು ಕಡೆಯ ಗಾಲ್ಫ್ ಮೈದಾನ ಇರೋ ಜಾಗ ಒಂದು ಕಾಲದಲ್ಲಿ ಚಲ್ಲಘಟ್ಟ ಕೆರೆ. ಹಾಗಂತ ಗಾಲ್ಫಿನೋರನ್ನ ಮಾತ್ರ ಬಯ್ದು ಕೈ ತೊಳ್ಕೋಬೇಡಿ, ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದೆ, ಸಂಪಂಗಿ ಕೆರೇಲಿ ಕಂಠೀರವ ಸ್ಟೇಡಿಯಂ, ಅಕ್ಕಿತಿಮ್ಮನಹಳ್ಳಿ ಕೆರೇಲಿ ಹಾಕಿ ಸ್ಟೇಡಿಯಂ. ಕೆರೆ ನುಂಗೋದರಲ್ಲಿ ಬಡವರ ಬಸ್ಸು, ಸಾಹುಕಾರರ ಗಾಲ್ಫು ಅಂತ ಭೇದ ನಾವು ಮಾಡಿಲ್ಲ. ಒಂದು ವ್ಯತ್ಯಾಸ ಇದೆ, ಬಸ್ ಸ್ಟ್ಯಾಂಡಿಗೆ ಯಾರು ಬೇಕಾದ್ರೂ ಹೋಗಬಹುದು.

ನೀರಿನ ವಿಷಯ ಇನ್ನೂ ಕಷ್ಟ. 2024ರ ಮಾರ್ಚಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರಲ್ಲಿ ಗಿಡಕ್ಕೆ ಹಾಕಿದ್ರೆ, ಕಾರ್ ತೊಳೆದ್ರೆ 5,000 ದಂಡ ಅಂತ ಜಲಮಂಡಳಿ ಹೇಳ್ತಲ್ಲ, ಆಗ ನನ್ನ ತಂಗಿ ಬೆಳ್ಳಂದೂರಿಂದ ಫೋನ್ ಮಾಡಿ "ನಿನ್ನ ಹುಲ್ಲಿಗೆ ಎಷ್ಟು ಟ್ಯಾಂಕರ್ ಕಣೇ" ಅಂತ ಕೇಳಿದ್ಲು. ಅವಳ ಮನೇಲಿ ಬಕೆಟ್ ಲೆಕ್ಕದಲ್ಲಿ ಸ್ನಾನ. ನನಗೆ ಉತ್ತರ ಬರ್ಲಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಶುದ್ಧ ಮಾಡಿದ ಚರಂಡಿ ನೀರು ಹಾಕ್ತೀವಿ ಅನ್ನೋರು ಹಾಕ್ಲಿ, ಬೋರ್‌ವೆಲ್ ನೀರಾದ್ರೆ ಏಪ್ರಿಲ್ ಮೇನಲ್ಲಿ ನಿಲ್ಲಿಸ್ಲಿ, ಮೈದಾನ ಕೆಂಪಗಾದ್ರೆ ಆಗ್ಲಿ. ಒಣಗಿದ ನೆಲದ ಮೇಲೆ ಚೆಂಡು ಇನ್ನೂ ಐವತ್ತು ಗಜ ಜಾಸ್ತಿ ಉರುಳತ್ತೆ, ನನಗೆ ಅದೇ ಲಾಭ. ಇದನ್ನ ಜೋರಾಗಿ ಹೇಳಿದ್ದಕ್ಕೆ ಒಬ್ಬರು ಮೆಂಬರ್ರು ನನ್ನ ನಮಸ್ಕಾರ ತಗೊಳ್ಳೋದು ಬಿಟ್ಟಿದಾರೆ.

ಹೆಂಗಸರು ಆಡಬಹುದಾ? ಏನು ಹಾಕ್ಕೋತೀರಾ?

ಆಡಬಹುದು. ಕಾಲರ್ ಇರೋ ಟೀ ಶರ್ಟು, ಪ್ಯಾಂಟು, ಟೋಪಿ. ಜೀನ್ಸ್ ಬೇಡ ಅಂತಾರೆ ಬಹಳ ಕಡೆ. ಪ್ರಾಕ್ಟಿಕಲ್ ವಿಷಯ ಹೇಳ್ತೀನಿ ಕೇಳಿ, ಯಾರೂ ಹೇಳಲ್ಲ ಇದನ್ನ: ಮಾಂಗಲ್ಯದ ಸರ ಒಳಗೆ ಸೇರಿಸಿ ಪಿನ್ ಹಾಕ್ಕೊಳಿ, ಇಲ್ದಿದ್ರೆ ಜೋರಾಗಿ ಬೀಸಿದಾಗ ನೇರ ಹಲ್ಲಿಗೆ ಬಡಿಯತ್ತೆ. ಗಾಜಿನ ಬಳೆ ಬಿಚ್ಚಿಡಿ, ಪಕ್ಕದೋರು ಪಟ್ ಮಾಡೋವಾಗ, ಅಂದ್ರೆ ಚೆಂಡನ್ನ ಮೆಲ್ಲಗೆ ಕುಳಿಗೆ ಉರುಳಿಸೋವಾಗ, ಬಳೆ ಸದ್ದಾದ್ರೆ ಅವರ ಚೆಂಡು ತಪ್ಪಿದ್ದಕ್ಕೆ ನೀವೇ ಕಾರಣ ಅಂತಾರೆ. ನಾನು ಒಂದೊಂದೇ ಚಿನ್ನದ ಬಳೆ ಇಟ್ಕೊಂಡು ಉಳಿದಿದ್ದು ಚೀಲದ ಜಿಪ್ಪಲ್ಲಿ ಹಾಕ್ತೀನಿ.

ಆಡಬಹುದಾ ಅನ್ನೋ ಪ್ರಶ್ನೆ ಬರೀ ನಮ್ಮೂರದ್ದಲ್ಲ. ಗಾಲ್ಫಿನ ತವರು ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಶೆಂಟ್ ಕ್ಲಬ್ಬು ಹೆಂಗಸರನ್ನ ಮೆಂಬರ್ ಮಾಡ್ಕೊಳ್ಳೋಣ ಅಂತ ಒಪ್ಪಿದ್ದು 2014ರ ಸೆಪ್ಟೆಂಬರ್ 18ಕ್ಕೆ. ಅದೇ ದಿನ ಸ್ಕಾಟ್ಲೆಂಡಿನೋರು ನಾವು ಬೇರೆ ದೇಶ ಆಗ್ಬೇಕಾ ಅಂತ ವೋಟ್ ಹಾಕ್ತಿದ್ರು. ಅಮೆರಿಕದ ಆಗಸ್ಟಾ ಕ್ಲಬ್ಬು 2012ರಲ್ಲಿ ಮೊದಲ ಸಲ ಇಬ್ಬರು ಹೆಂಗಸರನ್ನ ತಗೊಳ್ತು, ಒಬ್ರು ವಿದೇಶಾಂಗ ಸಚಿವೆ ಆಗಿದ್ದ ಕಾಂಡೊಲೀಸಾ ರೈಸ್. ಅಂದ್ರೆ ಇರಾಕ್ ಯುದ್ಧ ನಡೀತಿದ್ದಾಗ ದೇಶದ ವಿದೇಶಾಂಗ ನೋಡ್ಕೊಳ್ಳಬಹುದಿತ್ತು, ಆದ್ರೆ ಅಲ್ಲಿ ಮೆಂಬರ್ ಆಗಕ್ಕೆ ಇನ್ನೂ ಕೆಲವು ವರ್ಷ ಕಾಯಬೇಕಿತ್ತು. ಇನ್ನೂ ಹಿಂದಕ್ಕೆ ಹೋದ್ರೆ ಸ್ಕಾಟ್ಲೆಂಡಿನ ರಾಣಿ ಮೇರಿ, 1567ರಲ್ಲಿ ಗಂಡ ಕೊಲೆಯಾಗಿ ಕೆಲವೇ ದಿನಕ್ಕೆ ಗಾಲ್ಫ್ ಆಡ್ತಿದ್ಲು ಅಂತ ಅವಳ ವಿರೋಧಿಗಳು ಆರೋಪ ಮಾಡಿದ್ರು. ಆಗ್ಲೂ ಅಷ್ಟೇ ನೋಡಿ, ಮನೇಲಿ ಇರೋದು ಬಿಟ್ಟು ಇವಳಿಗ್ಯಾಕೆ ಆಟ.

ಟಿವೀಲಿ ಬಂದಿದ್ದಳಲ್ಲ ಬೆಂಗಳೂರು ಹುಡುಗಿ, ಅವಳು ನಿಮಗೆ ಗೊತ್ತಾ?

ಅದಿತಿ ಅಶೋಕ್. ನನಗೆ ಅವಳು ಗೊತ್ತು, ಅವಳಿಗೆ ನಾನು ಗೊತ್ತಿಲ್ಲ. ಚಿಕ್ಕ ಹುಡುಗಿ ಇದ್ದಾಗ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗ್ತಿದ್ದ ಹೋಟೆಲಿಂದ ಗಾಲ್ಫ್ ಆಡೋರು ಕಾಣ್ತಿದ್ರಂತೆ, ಅಲ್ಲಿಂದ ಶುರು. 18ನೇ ವಯಸ್ಸಿಗೆ ರಿಯೋ ಒಲಿಂಪಿಕ್ಸ್, ಅಪ್ಪ ಕ್ಯಾಡಿ. ಟೋಕಿಯೋಗೆ ಅಮ್ಮ ಕ್ಯಾಡಿ.

2021ರ ಆಗಸ್ಟ್ 7, ಬೆಳಗಿನ ಜಾವ. ಮೂರು ರೌಂಡ್ ಮುಗಿದಾಗ ಎರಡನೇ ಸ್ಥಾನದಲ್ಲಿದ್ಲು. ನಾನು ಕತ್ತಲಲ್ಲೇ ಎದ್ದು ಟಿವಿ ಹಾಕಿದ್ದೆ, ಅತ್ತೇನೂ ಎದ್ದು ಬಂದ್ರು, ಈ ಆಟ ಅಂದ್ರೆ ಬೈತಿದ್ದ ನೆಂಟರು ಕೂಡ ಫ್ಯಾಮಿಲಿ ಗ್ರೂಪಲ್ಲಿ "ಬರ್ಡಿ ಅಂದ್ರೆ ಒಳ್ಳೇದಾ ಕೆಟ್ಟದ್ದಾ" ಅಂತ ಮೆಸೇಜ್ ಹಾಕ್ತಿದ್ರು. ಕೊನೆ ಹೊತ್ತಿಗೆ ಮಳೆ ಗುಡುಗು ಅಂತ ಆಟ ನಿಲ್ಲಿಸಿದ್ರು, ಆ ಗ್ಯಾಪಲ್ಲಿ ಹಾಲು ಇಟ್ಟೆ, ಮತ್ತೆ ಶುರುವಾದಾಗ ಮರೆತೆ, ಕೊನೇ ಹೋಲಲ್ಲಿ ಚೆಂಡು ಕುಳಿಗೆ ಬೀಳದೆ ಪಕ್ಕಕ್ಕೆ ಹೋಯ್ತು, ಒಂದೇ ಒಂದು ಏಟಿಂದ ಮೆಡಲ್ ತಪ್ಪಿ ನಾಲ್ಕನೇ ಸ್ಥಾನ, ಒಳಗೆ ಹೋದ್ರೆ ಹಾಲೆಲ್ಲ ಉಕ್ಕಿ ಸ್ಟವ್ ಮೇಲೆ. ಸಾಯಂಕಾಲ ನೀರಜ್ ಚೋಪ್ರಾ ಚಿನ್ನ ಗೆದ್ದ, ಊರೆಲ್ಲ ಪಟಾಕಿ, ಬೆಳಗ್ಗೆ ನಡೆದಿದ್ದನ್ನ ಎಲ್ರೂ ಮರೆತ್ರು. ನಾನು ಆ ಸಂಜೆ ಸ್ಟವ್ ಉಜ್ತಿದ್ದೆ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯ್ತು. ಅವಳು ಆಡಿದ ಆ ಮೈದಾನ ಕಸುಮಿಗಾಸೆಕಿ ಕಂಟ್ರಿ ಕ್ಲಬ್ದು, ಅಲ್ಲಿ ಹೆಂಗಸರಿಗೆ ಪೂರ್ತಿ ಮೆಂಬರ್‌ಶಿಪ್ಪೇ ಇರ್ಲಿಲ್ಲ. ಒಲಿಂಪಿಕ್ಸ್ ನಡೆಸ್ಬೇಕು ಅಂದ್ರೆ ಬದಲಾಯಿಸಿ ಅಂತ ಒತ್ತಡ ಬಂದು 2017ರಲ್ಲಿ ಬದಲಾಯಿಸಿದ್ರು. ಅದೇ ವರ್ಷ ನವೆಂಬರಲ್ಲಿ ಟ್ರಂಪ್ ಜೊತೆ ಆಡ್ತಾ ಜಪಾನ್ ಪ್ರಧಾನಿ ಶಿಂಜೊ ಅಬೆ ಬಂಕರಿಂದ ಹತ್ತಿ ಬರಕ್ಕೆ ಹೋಗಿ ಹಿಂದಕ್ಕೆ ಪಲ್ಟಿ ಹೊಡೆದು ಬಿದ್ರಲ್ಲ, ಅದೂ ಅದೇ ಮೈದಾನ. ಟ್ರಂಪ್ ತಿರುಗೂ ನೋಡದೆ ಮುಂದೆ ಹೋಗ್ತಿರ್ತಾರೆ ವಿಡಿಯೋದಲ್ಲಿ. ಬಂಕರಲ್ಲಿ ಬಿದ್ದೋರಿಗೆ ಆಗೋ ಅವಮಾನ ನನಗೆ ಗೊತ್ತು, ಯಾರಿಗೂ ಕಾಣದ ಹಾಗೆ ಏಳಬೇಕು ಅಂತಾನೇ ಅಲ್ವಾ ನಮ್ಮ ಪ್ರಯತ್ನ.

ದೊಡ್ಡ ದೊಡ್ಡ ನಾಯಕರೆಲ್ಲ ಯಾಕೆ ಗಾಲ್ಫೇ ಆಡ್ತಾರೆ?

ನಾಲ್ಕು ಗಂಟೆ ಒಬ್ಬರ ಜೊತೆ ಏಕಾಂತದಲ್ಲಿ ಮಾತಾಡಬಹುದು, ಯಾರೂ ಫೈಲ್ ಹಿಡ್ಕೊಂಡು ಬರಲ್ಲ. ಅದೇ ಅಬೆ, 2016ರ ನವೆಂಬರಲ್ಲಿ ಟ್ರಂಪ್ ಗೆದ್ದ ತಕ್ಷಣ ಅವರ ಮನೆಗೆ ಹೋದಾಗ ಚಿನ್ನದ ಬಣ್ಣದ ಗಾಲ್ಫ್ ಕೋಲು ಉಡುಗೊರೆ ತಗೊಂಡೋಗಿದ್ರು. ನಾವು ಹೊಸ ಬೀಗರ ಮನೆಗೆ ಹೋದಾಗ ಏನು ತಗೊಂಡೋಗಬೇಕು ಅಂತ ಯೋಚನೆ ಮಾಡಲ್ವಾ, ಹಾಗೆ. ಐಸನ್‌ಹೋವರ್ ಅಂತೂ 1954ರಲ್ಲಿ ವೈಟ್‌ಹೌಸ್ ಅಂಗಳದಲ್ಲೇ ಒಂದು ಪುಟ್ಟ ಗ್ರೀನ್ ಮಾಡಿಸ್ಕೊಂಡಿದ್ರು, ಅಳಿಲುಗಳು ಅದನ್ನ ಕೆದಕಿ ಹಾಳು ಮಾಡ್ತಿದ್ವು. ಮಹಾಯುದ್ಧ ಗೆದ್ದ ಜನರಲ್ಲು, ಅಳಿಲಿನ ಮುಂದೆ ಆಗ್ಲಿಲ್ಲ. ಉಲ್ಟಾ ಉದಾಹರಣೆನೂ ಇದೆ, 1457ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗಾಲ್ಫನ್ನೇ ಬ್ಯಾನ್ ಮಾಡ್ತು, ಹುಡುಗರು ಬಿಲ್ವಿದ್ಯೆ ಬಿಟ್ಟು ಇದನ್ನೇ ಆಡ್ತಾ ಕೂತಿದಾರೆ ಅಂತ. ಜನ ಕೇಳ್ಲಿಲ್ಲ.

ಹಾವು ಬರಲ್ವಾ?

ಬರತ್ತೆ, ಬೆಟ್ಟದ ಬುಡ ಅಲ್ವಾ. ಚೆಂಡಿನ ಪಕ್ಕ ಹಾವಿದ್ರೆ ಅಲ್ಲಿಂದಾನೇ ಹೊಡಿ ಅಂತ ಯಾರೂ ಹೇಳಲ್ಲ, ರೂಲ್ ಪುಸ್ತಕದಲ್ಲೇ ಇದೆ, ಅಪಾಯದ ಪ್ರಾಣಿ ಇದ್ರೆ ದಂಡ ಇಲ್ಲದೆ ಬೇರೆ ಕಡೆ ಇಟ್ಟು ಆಡಬಹುದು. ನಾಯಿ, ಕಾಗೆ ಚೆಂಡು ಎತ್ಕೊಂಡೋದ್ರೂ ದಂಡ ಇಲ್ಲ, ಇದ್ದ ಜಾಗದಲ್ಲಿ ಇನ್ನೊಂದು ಇಡಿ. ಆದ್ರೆ ಚೆಂಡು ನೀವೇ ಕಳ್ಕೊಂಡ್ರೆ ಹುಡುಕಕ್ಕೆ ಮೂರೇ ನಿಮಿಷ, ಮುಂಚೆ ಐದಿತ್ತು, 2019ರಿಂದ ಮೂರು. ನಮ್ಮತ್ತೆ ಕನ್ನಡಕ ಹುಡುಕಕ್ಕೂ ಈ ರೂಲ್ ತರಬೇಕು ಅಂತ ನನ್ನ ಆಸೆ.

ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?

ಹ್ಯಾಂಡಿಕ್ಯಾಪ್ ಅಂದ್ರೆ ಪಾರ್‌ಗಿಂತ ಸುಮಾರು ಎಷ್ಟು ಏಟು ಜಾಸ್ತಿ ಹೊಡೀತೀವಿ ಅನ್ನೋ ಲೆಕ್ಕ, ಕಡಿಮೆ ಆದಷ್ಟೂ ಒಳ್ಳೇದು. ಹೊಸದಾಗಿ ಸೇರೋರಿಗೆ ಅತಿ ಹೆಚ್ಚು ಅಂದ್ರೆ 54 ಕೊಡ್ತಾರೆ. ನಾನು ಅಲ್ಲಿಂದ 31ಕ್ಕೆ ಇಳಿದಿದ್ದೀನಿ. ನನ್ನ ಶುಗರ್ ಇಷ್ಟು ಚೆನ್ನಾಗಿ ಇಳಿದಿಲ್ಲ.

ಯಜಮಾನ್ರು ಆಡಲ್ವಾ?

ಬಾಯಲ್ಲಿ ಆಡ್ತಾರೆ.

ನಾನೂ ಕಲೀಬೇಕು, ಏನು ಮಾಡ್ಲಿ?

ಮೊದಲು ಏನೂ ಕೊಂಡ್ಕೋಬೇಡಿ. ಹತ್ತಿರದ ಡ್ರೈವಿಂಗ್ ರೇಂಜ್, ಅಂದ್ರೆ ಬರೀ ಚೆಂಡು ಹೊಡೆದು ಅಭ್ಯಾಸ ಮಾಡೋ ಜಾಗ, ಎಲ್ಲಿದೆ ಕೇಳ್ಕೊಂಡು ಹೋಗಿ, ಅಲ್ಲೇ ಕೋಲು ಕೊಡ್ತಾರಾ ವಿಚಾರಿಸಿ, ಒಂದು ಬುಟ್ಟಿ ಚೆಂಡು ತಗೊಂಡು ಹೊಡೀರಿ. ಐವತ್ತರಲ್ಲಿ ನಲವತ್ತು ಪಕ್ಕಕ್ಕೆ ಹೋಗತ್ತೆ, ಎಂಟು ಹೋಗೋದೇ ಇಲ್ಲ, ಎರಡು ಮಾತ್ರ "ಟಪ್" ಅಂತ ಸದ್ದಾಗಿ ನೇರ ಹೋಗತ್ತೆ. ಆ ಎರಡಕ್ಕೋಸ್ಕರ ಮಾರನೇ ದಿನ ಬರ್ತೀರೋ ಇಲ್ವೋ ನೋಡ್ಕೊಳಿ. ಬೆಂಗಳೂರು, ಮೈಸೂರು ಬಿಟ್ರೆ ಮಡಿಕೇರಿ, ಚಿಕ್ಕಮಗಳೂರಲ್ಲೂ ಮೈದಾನ ಇದೆ. ಯೂಟ್ಯೂಬ್ ನೋಡಿ ಕಲಿಯೋರು ಒಬ್ಬರದ್ದು ಮಾತ್ರ ನೋಡಿ, ಐದು ಜನರದ್ದು ನೋಡಿದ್ರೆ ಐದು ಥರ ಸೊಂಟ ತಿರುಗಿಸಿ ಆಮೇಲೆ ಅಮೃತಾಂಜನ ಹಚ್ಕೊಂಡು ಮಲಗ್ತೀರಿ. ನಾನು ಮಲಗಿದ್ದೀನಿ.

ಭಾನುವಾರ ಬೆಳಗ್ಗೆ ನಿಮ್ಮ ಮನೆಗೆ ಬರಬಹುದಾ?

ಬನ್ನಿ, ಹತ್ತು ಗಂಟೆ ಮೇಲೆ. ಅದಕ್ಕೆ ಮುಂಚೆ ಬಂದ್ರೆ ಯಜಮಾನ್ರು ಇರ್ತಾರೆ, ದೋಸೆ ಹಾಕಿಕೊಡ್ತಾರೆ, ಚಟ್ನಿ ಮಾತ್ರ ನಾನು ಬಂದ್ಮೇಲೆ, ಆ ಸೋರೋ ಜಾರ್ ಹಿಡ್ಕೊಳ್ಳೋ ರೀತಿ ಅವರಿಗೆ ಇನ್ನೂ ಗೊತ್ತಿಲ್ಲ.